ಮೋರಿ ವಿಮಾನಕ್ಕೆ ಕಾಣಿಸುವುದಿಲ್ಲ

ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ನನ್ನ ಕೆಲಸದ ಬಗ್ಗೆ ಅರ್ಧ ಪುಟ ಬರೆದಿದ್ದೆ. ಓದದವರಿಗೆ ಎರಡು ಮಾತು. ಸ್ವೀಡನ್ನಿನ ಉತ್ತರಕ್ಕೆ, ಉಮಿಯೊ ನಗರದಿಂದ ಒಳಗೆ ಹೋದರೆ ಬರೀ ಕಾಡು. ಪೈನ್, ಸ್ಪ್ರೂಸ್, ನಡುನಡುವೆ ಬರ್ಚ್. ಇದಕ್ಕೆ ಬೋರಿಯಲ್ ಕಾಡು ಅನ್ನುತ್ತಾರೆ. ಅಲ್ಲಿ ಮರ ಕಡಿಯುವ ಮೊದಲು ನೆಲ ನೋಡಿ ಬರುವವಳು ನಾನು. ಎಲ್ಲಿ ಗಟ್ಟಿ, ಎಲ್ಲಿ ಹುದುಲು, ಯಂತ್ರ ಯಾವ ಕಡೆಯಿಂದ ಇಳಿಯಬೇಕು, ಕಡಿದ ಮೇಲೆ ಯಾವ ಸಸಿ ನೆಡಬೇಕು, ಇದನ್ನೆಲ್ಲ ನಕ್ಷೆಯ ಮೇಲೆ ಗುರುತು ಹಾಕಿ ಕೊಡುತ್ತೇನೆ. 14 ವರ್ಷದಿಂದ ಇದೇ ಕೆಲಸ. ಅರ್ಧ ಪುಟಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ಮೇಡಂ, ಕಾಡು ಅಂದ ಮೇಲೆ ಮರ ಮುಖ್ಯ. ಮರ ಕಡಿಯುವವರಿಗೆ ಮಣ್ಣಿನ ನಕ್ಷೆ ಯಾಕೆ ಬೇಕು? (ನಿವೃತ್ತ ಮೇಷ್ಟ್ರೊಬ್ಬರು)

ಮೇಷ್ಟ್ರೇ, ಮರ ಎಲ್ಲರಿಗೂ ಕಾಣುತ್ತದೆ. ಅದನ್ನು ನೋಡಿ ಹೇಳೋಕೆ ನಾನು ಬೇಕಾಗಿಲ್ಲ. ಕಾಣದೆ ಇರುವುದು ಬುಡದ ಕೆಳಗಿನದು.

ಇಲ್ಲಿ ಕೊಡಲಿ ಹಿಡಿದವರು ಯಾರೂ ಇಲ್ಲ. ಹಾರ್ವೆಸ್ಟರ್ ಅನ್ನುವ ಯಂತ್ರ ಮರವನ್ನು ಹಿಡಿದು, ಕೊಯ್ದು, ರೆಂಬೆ ಸವರಿ, ತುಂಡು ಮಾಡಿ ಮಲಗಿಸುತ್ತದೆ. ಹಿಂದೆಯೇ ಫಾರ್ವರ್ಡರ್ ಬರುತ್ತದೆ. ಎಂಟು ಗಾಲಿ, ಬೆನ್ನ ಮೇಲೆ ನಾಟಾ. ಹೊರೆ ಸೇರಿ 30 ಟನ್ ದಾಟುವುದೂ ಉಂಟು. ಅದು ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಓಡಾಡುತ್ತದೆ. ಗಟ್ಟಿ ನೆಲವಾದರೆ ಅಷ್ಟೇನೂ ಆಗುವುದಿಲ್ಲ. ಹುದುಲಾದರೆ ಮೊದಲ ಸಲ ಪಾಚಿ ಹರಿಯುತ್ತದೆ, ಎರಡನೇ ಸಲ ಬೇರು ಹರಿಯುತ್ತದೆ, ಐದನೇ ಸಲಕ್ಕೆ ಮೊಣಕಾಲುದ್ದದ ಕಾಲುವೆಯೇ ಆಗಿರುತ್ತದೆ. ಸ್ಪ್ರೂಸ್ ಮರದ ಬೇರು ಆಳಕ್ಕೆ ಇಳಿಯುವುದಿಲ್ಲ, ಚಾಪೆ ಹಾಸಿದ ಹಾಗೆ ಮೇಲೇ ಹರಡಿಕೊಂಡಿರುತ್ತದೆ. ಪಕ್ಕದಲ್ಲಿ ಉಳಿಸಿದ ಮರದ ಬೇರಿಗೆ ಗಾಯವಾದರೆ ಅಲ್ಲಿಂದಲೇ ಕೊಳೆ ರೋಗ ಹತ್ತುತ್ತದೆ.

ಆ ಕಾಲುವೆ ಇಳಿಜಾರಿನಲ್ಲಿದ್ದರೆ ಇನ್ನೂ ಕಷ್ಟ. ಮಳೆ ನೀರು ಅದರಲ್ಲೇ ಇಳಿದು ಹೂಳನ್ನು ತೊರೆಗೆ ಸುರಿಯುತ್ತದೆ. ಟ್ರೌಟ್ ಮೀನು ಮೊಟ್ಟೆ ಇಡುವುದು ತೊರೆಯ ತಳದ ಜಲ್ಲಿಕಲ್ಲಿನ ಸಂದಿಯಲ್ಲಿ. ಸಂದಿಗೆ ಹೂಳು ತುಂಬಿದರೆ ಮೊಟ್ಟೆಗೆ ಉಸಿರಿಲ್ಲ. ಅದೇ ತೊರೆಗಳಲ್ಲಿ ಮುತ್ತು ಕೊಡುವ ಒಂದು ಜಾತಿಯ ಚಿಪ್ಪುಜೀವಿ ಇದೆ. ನೂರು ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಅದರ ಮರಿ ಮೊದಲ ಕೆಲವು ತಿಂಗಳು ಟ್ರೌಟ್ ಅಥವಾ ಸಾಲ್ಮನ್ ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆಯುತ್ತದೆ. ಮೀನು ಹೋದರೆ ಅದೂ ಹೋಯಿತು.

ಇನ್ನೊಂದು ಪಾದರಸ. ಎಲ್ಲೋ ಕಲ್ಲಿದ್ದಲು ಸುಟ್ಟ ಹೊಗೆಯ ಜೊತೆ ಗಾಳಿಯಲ್ಲಿ ಬಂದು ಇಲ್ಲಿನ ಕಾಡಿನ ಮೇಲ್ಮಣ್ಣಿನಲ್ಲಿ ಸೇರಿಕೊಂಡಿದೆ. ಅಲ್ಲೇ ಇದ್ದರೆ ಅಷ್ಟು ತೊಂದರೆ ಇಲ್ಲ. ನೀರು ನಿಂತು ಗಾಳಿಯಾಡದ ಕೆಸರಾದರೆ ಬ್ಯಾಕ್ಟೀರಿಯಾ ಅದನ್ನು ಮಿಥೈಲ್ ಪಾದರಸ ಮಾಡುತ್ತವೆ. ಅದು ತೊರೆಗೆ, ತೊರೆಯಿಂದ ಕೆರೆಗೆ, ಕೆರೆಯಿಂದ ಮೀನಿಗೆ. ಕೆರೆಯ ಪೈಕ್ ಮೀನನ್ನು ಜಾಸ್ತಿ ತಿನ್ನಬೇಡಿ ಅಂತ ಇಲ್ಲಿ ಗರ್ಭಿಣಿಯರಿಗೆ ಸರ್ಕಾರವೇ ಹೇಳುತ್ತದೆ. ನೀರು ತುಂಬಿದ ಗಾಲಿ ಜಾಡು ಅಂದರೆ ಆ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ ಮನೆ.

ಹಾಗಾಗಿ ನಾವು ಮಣ್ಣಿನ ನಕ್ಷೆ ಅನ್ನುವುದು ನಿಜವಾಗಿ ಮುಕ್ಕಾಲು ಪಾಲು ನೀರಿನ ನಕ್ಷೆ. ನೆಲವನ್ನು ವಿಂಗಡಿಸುವುದೂ ನೀರು ಎಷ್ಟು ಕೆಳಗಿದೆ ಅನ್ನುವುದರ ಮೇಲೇ. ಅಂತರ್ಜಲ 2 ಮೀಟರಿಗಿಂತ ಆಳದಲ್ಲಿದ್ದರೆ ಒಣ ನೆಲ. 1ರಿಂದ 2 ಮೀಟರ್ ನಡುವೆ ಇದ್ದರೆ ಹದದ ನೆಲ. ಸ್ವೀಡಿಷ್‌ನಲ್ಲಿ ಇದಕ್ಕೆ ‘ಫ್ರಿಸ್ಕ್’ ಅನ್ನುತ್ತಾರೆ. ಜ್ವರ ಬಿಟ್ಟು ಎದ್ದವರಿಗೂ ಅದೇ ಪದ, ಆರೋಗ್ಯವಾಗಿದ್ದಾರೆ ಅಂತ. 1 ಮೀಟರಿಗಿಂತ ಮೇಲೆ ಬಂದರೆ ತೇವದ ನೆಲ. ಬೂಟಿನ ಸುತ್ತ ನೀರು ಒಸರಿದರೆ ಒದ್ದೆ ನೆಲ. ಅಲ್ಲಿಗೆ ಯಂತ್ರ ಕಳಿಸಬಾರದು.

ಪ್ರಶ್ನೆ: ಅಕ್ಕಾ, ಅಲ್ಲಿಯ ಮಣ್ಣು ನೋಡೋಕೆ ಹೇಗಿರುತ್ತದೆ? ಬಣ್ಣ, ವಾಸನೆ ಏನಾದರೂ ಹೇಳಿ. (ಭೂಗೋಳ ಓದುತ್ತಿರುವ ವಿದ್ಯಾರ್ಥಿನಿ)

ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಬಾ, ಒಂದು ಗುಂಡಿ ತೋಡೋಣ. ಹದದ ನೆಲ, ಮೇಲೆ ಪೈನ್ ಮರ ಅಂದುಕೋ.

ಮೊದಲು ಪಾಚಿಯ ಹೊದಿಕೆ. ಕೈಯಲ್ಲಿ ಹಿಡಿದು ಎಳೆದರೆ ಕಂಬಳಿ ಸುತ್ತಿದ ಹಾಗೆ ಸುರುಳಿಯಾಗಿ ಬರುತ್ತದೆ. ಅದರ ಕೆಳಗೆ ಒಂದು ಗೇಣಿಗಿಂತ ಕಮ್ಮಿ ದಪ್ಪದ ಕಪ್ಪು ಪದರ. ಅರ್ಧ ಕೊಳೆತ ಸೂಜಿ ಎಲೆ, ಬೇರಿನ ಕೂದಲು, ಬಿಳಿ ದಾರದಂಥ ಶಿಲೀಂಧ್ರ. ಮೂಗಿಗೆ ಹಿಡಿದರೆ ಅಣಬೆ ವಾಸನೆ. ಮರಕ್ಕೆ ಸಿಗುವ ಆಹಾರದಲ್ಲಿ ದೊಡ್ಡ ಪಾಲು ಈ ಪದರದಿಂದಲೇ. ಚಳಿಗೆ ಇಲ್ಲಿ ಯಾವುದೂ ಬೇಗ ಕೊಳೆಯುವುದಿಲ್ಲ. ಸಾರಜನಕ ಅದರೊಳಗೇ ಸಿಕ್ಕಿಕೊಂಡಿರುತ್ತದೆ.

ಗುದ್ದಲಿ ಇನ್ನೂ ಸ್ವಲ್ಪ ಇಳಿಸಿದರೆ ತಟ್ಟನೆ ಬೂದಿ. ನಿಜಕ್ಕೂ ಒಲೆ ಬೂದಿಯ ಬಣ್ಣ. ಮೊದಲ ಸಲ ನೋಡಿದಾಗ ಯಾರೋ ಇಲ್ಲಿ ಬೆಂಕಿ ಹಾಕಿದ್ದರು ಅಂದುಕೊಂಡಿದ್ದೆ. ಅದರ ಕೆಳಗೆ ಇಟ್ಟಿಗೆ ಪುಡಿಯಂಥ ಕೆಂಪು, ತುಕ್ಕಿನ ಬಣ್ಣ. ಆಮೇಲೆ ಬೂದು ಹಸಿರಿನ ಮೂಲ ಮಣ್ಣು. ಸೂಜಿ ಎಲೆ ಕೊಳೆತ ಹುಳಿ ನೀರು ಇಳಿಯುತ್ತಾ ಕಬ್ಬಿಣ, ಅಲ್ಯೂಮಿನಿಯಂ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ತೊಳೆದ ಜಾಗ ಬೂದಿ ಬಣ್ಣ. ಇಳಿದು ಕೂತ ಜಾಗ ತುಕ್ಕಿನ ಬಣ್ಣ. ಈ ಮಣ್ಣಿಗೆ ಪೊಡ್ಸೋಲ್ ಅಂತ ಹೆಸರು. ರಷ್ಯನ್ ಭಾಷೆಯಲ್ಲಿ ಪೊಡ್ ಅಂದರೆ ಕೆಳಗೆ, ಝೊಲಾ ಅಂದರೆ ಬೂದಿ. ರೈತರ ಬಾಯಲ್ಲಿದ್ದ ಪದವನ್ನು ವಸೀಲಿ ಡೊಕುಚಾಯೆವ್ ಅನ್ನುವ ರಷ್ಯದ ಮಣ್ಣು ವಿಜ್ಞಾನಿ ಹತ್ತೊಂಬತ್ತನೇ ಶತಮಾನದಲ್ಲಿ ವಿಜ್ಞಾನಕ್ಕೆ ತಂದ. ನನಗೆ ಬೂದಿ ಪದರ ಎಷ್ಟು ದಪ್ಪ ಅನ್ನುವುದು ಮುಖ್ಯ. ಅದು ದಪ್ಪಗಾಗುತ್ತಾ ಹೋಗಿ, ತುಕ್ಕು ಮಸುಕಾಗಿ, ಕಂದು ಕಲೆಗಳು ಬಂದರೆ ನೀರು ಹತ್ತಿರದಲ್ಲಿದೆ ಅಂತ ಅರ್ಥ. ಬೇಸಿಗೆಯಲ್ಲಿ ಗುಂಡಿ ಒಣಗಿದ್ದರೂ ಬಣ್ಣ ಸುಳ್ಳು ಹೇಳುವುದಿಲ್ಲ.

ಇಷ್ಟು ತೋಡುವಷ್ಟರಲ್ಲಿ ಗುದ್ದಲಿ ಹತ್ತು ಸಲವಾದರೂ ಠಣ್ ಅಂದಿರುತ್ತದೆ. ಬರೀ ಕಲ್ಲು. ಸುಮಾರು 10,000 ವರ್ಷದ ಹಿಂದೆ ಹಿಮದ ಹಾಸು ಕರಗಿ ಹೋದಾಗ ಬಂಡೆಯನ್ನು ಅರೆದು, ಮರಳು, ಹೂಳು, ಗುಂಡುಕಲ್ಲು ಎಲ್ಲವನ್ನೂ ಒಂದೇ ರಾಶಿಯಲ್ಲಿ ಬಿಟ್ಟು ಹೋಯಿತು. ಅದೇ ಮೊರೇನ್. ಸ್ವೀಡನ್ನಿನ ನೆಲದ ಹತ್ತಿರ ಹತ್ತಿರ ಮುಕ್ಕಾಲು ಪಾಲು ಅದೇ. ಹಿಮದ ಭಾರಕ್ಕೆ ಕುಸಿದಿದ್ದ ನೆಲ ಈಗಲೂ ಮೇಲೇಳುತ್ತಿದೆ, ಈ ಕರಾವಳಿಯಲ್ಲಿ ವರ್ಷಕ್ಕೆ 8 ಮಿಲಿಮೀಟರಿನಷ್ಟು. ಸ್ಕೂಲೆಬೆರ್ಯೆಟ್ ಬೆಟ್ಟದಲ್ಲಿ ಹಳೆಯ ಸಮುದ್ರ ತೀರದ ಗುರುತು ಈಗಿನ ನೀರಿಗಿಂತ 286 ಮೀಟರ್ ಮೇಲಿದೆ. ಜಗತ್ತಿನಲ್ಲೇ ಅಷ್ಟು ಎತ್ತರದ್ದು ಇನ್ನೊಂದಿಲ್ಲ. ಆ ಹಳೆಯ ತೀರದ ಗೆರೆ ನನ್ನ ನಕ್ಷೆಯಲ್ಲಿ ತುಂಬಾ ಮುಖ್ಯ. ಗೆರೆಯ ಮೇಲೆ ಮೊರೇನ್ ಹೇಗಿತ್ತೋ ಹಾಗೇ ಇದೆ. ಕೆಳಗೆ ಅಲೆಗಳು ಅದನ್ನು ತೊಳೆದು, ಜರಡಿ ಹಿಡಿದು, ನಯವಾದ ಹೂಳನ್ನು ತಗ್ಗಿಗೆ ಸಾಗಿಸಿವೆ.

ಆ ಹೂಳು ಬಲು ಕಿಲಾಡಿ. ಒಂದು ಚಿಟಿಕೆ ಒದ್ದೆ ಹೂಳನ್ನು ಅಂಗೈಯಲ್ಲಿಟ್ಟು ಇನ್ನೊಂದು ಕೈಯಿಂದ ತಟ್ಟಿ ನೋಡು. ಮೇಲ್ಮೈ ಕನ್ನಡಿಯ ಹಾಗೆ ಹೊಳೆಯುತ್ತದೆ, ನೀರು ಮೇಲೆ ಬಂತು. ಬೆರಳಿಂದ ಒತ್ತಿದರೆ ಹೊಳಪು ಮಾಯ. ಜೇಡಿ ಹೀಗೆ ಆಡುವುದಿಲ್ಲ. ಹೂಳಿನ ಜಾಗದಲ್ಲಿ ಚಿಕ್ಕ ಸಸಿ ನೆಟ್ಟರೆ ಚಳಿಗಾಲದಲ್ಲಿ ಒಳಗೆ ಮಂಜುಗಡ್ಡೆಯ ಪದರ ಬೆಳೆದು ಸಸಿಯನ್ನು ಬೇರು ಸಮೇತ ಮೇಲಕ್ಕೆ ದಬ್ಬುತ್ತದೆ. ವಸಂತದಲ್ಲಿ ಹೋಗಿ ನೋಡಿದರೆ ಸಾಲು ಸಾಲು ಸಸಿ ನೆಲದ ಮೇಲೆ ಮಲಗಿರುತ್ತವೆ, ಯಾರೋ ಕಿತ್ತು ಹಾಕಿದ ಹಾಗೆ.

ಪ್ರಶ್ನೆ: ವಿಮಾನದಿಂದ ಲೇಸರ್ ಬಿಟ್ಟು ಮಣ್ಣಿನ ನಕ್ಷೆ ಮಾಡುತ್ತಾರಂತೆ. ಮರದ ಕೆಳಗಿನ ಮಣ್ಣು ಅದಕ್ಕೆ ಹೇಗೆ ಕಾಣುತ್ತದೆ? ಎಐ ಬಂದ ಮೇಲೆ ನಿಮ್ಮ ಕೆಲಸಕ್ಕೆ ಕುತ್ತಿಲ್ಲವೇ? (ಸಾಫ್ಟ್‌ವೇರ್ ಎಂಜಿನಿಯರ್)

ಕುತ್ತು ಇದೆಯೋ ಇಲ್ಲವೋ ಕೊನೆಗೆ ನೀವೇ ಹೇಳಿ.

ಲೇಸರ್ ಮಣ್ಣನ್ನು ನೋಡುವುದೇ ಇಲ್ಲ ಸರ್. ನೆಲದ ಆಕಾರ ನೋಡುತ್ತದೆ, ಅಷ್ಟೇ. ಮರದ ಕೆಳಗೆ ನಿಂತಾಗ ಎಲೆ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದಲ್ಲ, ಲೇಸರ್ ಕೂಡ ಹಾಗೇ ನುಸುಳುತ್ತದೆ. ಕೆಲವು ಕಿರಣ ತುದಿಗೆ ತಾಗಿ ವಾಪಸ್ ಹೋಗುತ್ತವೆ, ಕೆಲವು ರೆಂಬೆಗೆ, ಕೆಲವು ನೆಲಕ್ಕೆ. ಕೊನೆಗೆ ವಾಪಸ್ ಬಂದವನ್ನು ಆಯ್ದರೆ ಮರಗಳನ್ನೆಲ್ಲ ಬೋಳಿಸಿದ ಹಾಗೆ ನೆಲದ ಉಬ್ಬು ತಗ್ಗು ಸಿಗುತ್ತದೆ. ಸ್ವೀಡನ್ನಿನಲ್ಲಿ ಸರ್ಕಾರದ ಭೂಮಾಪನ ಇಲಾಖೆ ಇಡೀ ದೇಶವನ್ನು ಹೀಗೆ ಅಳೆಯೋಕೆ ಶುರು ಮಾಡಿದ್ದು 2009ರಲ್ಲಿ. ಅದರಿಂದ 2 ಮೀಟರಿಗೊಂದು ಚೌಕದಂತೆ ದೇಶದ ಎತ್ತರದ ನಕ್ಷೆ ಸಿಕ್ಕಿತು. ಹಳೆಯ ಇದ್ದಿಲು ಗೂಡಿನ ಗುರುತು ಕೂಡ ಅದರಲ್ಲಿ ಉಂಗುರದ ಹಾಗೆ ಕಾಣುತ್ತದೆ. ನಾನು ಕೆಲಸ ಬಿಟ್ಟು ಅದನ್ನೇ ನೋಡುತ್ತಾ ಕೂತ ದಿನಗಳಿವೆ.

ಆಕಾರ ಸಿಕ್ಕಿದ ಮೇಲೆ ಕಂಪ್ಯೂಟರಿನಲ್ಲಿ ನೀರು ಹರಿಸುತ್ತಾರೆ. ಪ್ರತಿ ಚೌಕದ ನೀರು ಯಾವ ಪಕ್ಕದ ಚೌಕಕ್ಕೆ ಇಳಿಯುತ್ತದೆ, ಎಷ್ಟು ಹೆಕ್ಟೇರಿನ ನೀರು ಸೇರಿದರೆ ತೊರೆ ಹುಟ್ಟುತ್ತದೆ ಅಂತ ಲೆಕ್ಕ. ಆಮೇಲೆ ಪ್ರತಿ ಚೌಕವೂ ಹತ್ತಿರದ ನೀರಿಗಿಂತ ಎಷ್ಟು ಎತ್ತರದಲ್ಲಿದೆ ಅಂತ ನೋಡುತ್ತಾರೆ. 1 ಮೀಟರಿಗಿಂತ ಕಮ್ಮಿ ಇದ್ದರೆ ತೇವ ಅಥವಾ ಒದ್ದೆ ಅನ್ನಬಹುದು. ಈ ಲೆಕ್ಕ ಹುಟ್ಟಿದ್ದು ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದಲ್ಲಿ. ಸರಳವಾಗಿದೆ, ಕೆಲಸಕ್ಕೂ ಬರುತ್ತದೆ. ಆದರೆ ತೊರೆ ಹುಟ್ಟೋಕೆ ಎಷ್ಟು ಹೆಕ್ಟೇರ್ ಬೇಕು ಅನ್ನುವುದು ಎಲ್ಲ ಕಡೆ ಒಂದೇ ಅಲ್ಲ. ಮರಳಿನಲ್ಲಿ ನೀರು ಇಂಗಿ ಹೋಗುತ್ತದೆ, ಜಾಸ್ತಿ ಬೇಕು. ಬಿಗಿಯಾದ ಮೊರೇನಿನಲ್ಲಿ ಕಮ್ಮಿ ಸಾಕು. ಹಿಮ ಕರಗುವ ಮೇ ತಿಂಗಳಿಗೂ ಆಗಸ್ಟಿಗೂ ಹೋಲಿಕೆಯೇ ಇಲ್ಲ.

ಇಲ್ಲಿಗೆ ಎಐ ಬಂತು. ಉಮಿಯೊದಲ್ಲಿರುವ ಕೃಷಿ ವಿಜ್ಞಾನ ವಿಶ್ವವಿದ್ಯಾಲಯದವರು ಇಂಥ ಹತ್ತಾರು ಲೆಕ್ಕಗಳನ್ನು ಯಂತ್ರಕ್ಕೆ ಕೊಟ್ಟು, ಜೊತೆಗೆ ರಾಷ್ಟ್ರೀಯ ಅರಣ್ಯ ಸಮೀಕ್ಷೆಯ ಸುಮಾರು 20 ಸಾವಿರ ಜಾಗಗಳ ಮಾಹಿತಿ ಕೊಟ್ಟರು. ಇಡೀ ದೇಶಕ್ಕೆ ನೆಲದ ತೇವದ ನಕ್ಷೆ ಬಂತು. ಪ್ರತಿ ಚೌಕಕ್ಕೂ 0ರಿಂದ 100ರೊಳಗೆ ಒಂದು ಅಂಕಿ. 100ರ ಕಡೆಗೆ ಹೋದಷ್ಟೂ ಒದ್ದೆಯಾಗಿರುವ ಸಂಭವ ಜಾಸ್ತಿ. ಮೊದಲಿನ ನಕ್ಷೆಗಳಿಗಿಂತ ಇದು ಎಷ್ಟೋ ವಾಸಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ 20 ಸಾವಿರ ಜಾಗ ಎಲ್ಲಿಂದ ಬಂತು? ಸಮೀಕ್ಷೆ ಶುರುವಾಗಿದ್ದು 1923ರಲ್ಲಿ. ಇವತ್ತಿಗೂ ಬೇಸಿಗೆ ಬಂದರೆ ಜನ ಬೂಟು ಹಾಕಿಕೊಂಡು ಕಾಡಿಗೆ ಹೋಗಿ, ಸೊಳ್ಳೆ ಓಡಿಸುತ್ತಾ, ಇದು ಹದ, ಇದು ತೇವ ಅಂತ ಬರೆದುಕೊಂಡು ಬರುತ್ತಾರೆ. ಯಂತ್ರದ ಮೇಷ್ಟ್ರುಗಳು ಅವರೇ. ಅಂಕಿ 5 ಇದ್ದರೆ ನಾನು ಹೋಗುವುದೇ ಇಲ್ಲ. 95 ಇದ್ದರೂ ಹೋಗುವುದಿಲ್ಲ. 40ರಿಂದ 60 ಇರುವ ಕಡೆಗೆ ಹೋಗಿ ಬೈರಿಗೆ ಹಾಕುತ್ತೇನೆ. ಕೆಲಸ ಕಮ್ಮಿಯಾಗಿಲ್ಲ, ಕಷ್ಟದ ಜಾಗಗಳೆಲ್ಲ ನನ್ನ ಪಾಲಿಗೆ ಬಂದಿವೆ.

ಪ್ರಶ್ನೆ: ಅಲ್ಲಿ ಅರ್ಧ ವರ್ಷ ಹಿಮ ತಾನೇ? ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ ಮೇಲೆ ಕಡಿದರೆ ಈ ರಗಳೆಯೇ ಇಲ್ಲವಲ್ಲ? (ಮೂವರು ಕೇಳಿದ್ದಾರೆ)

ನಾನೂ ಹಾಗೇ ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ. ಆಗ ಎಐ ನಕ್ಷೆ ಇರಲಿಲ್ಲ, ಹತ್ತಿರದ ನೀರಿಗಿಂತ ಎಷ್ಟು ಎತ್ತರ ಅನ್ನುವ ಲೆಕ್ಕದ ನಕ್ಷೆ ಆಗಷ್ಟೇ ಕೈಗೆ ಬಂದಿತ್ತು. ಹೊಸ ಆಟಿಕೆ ಸಿಕ್ಕಿದ ಮಗುವಿನ ಹಾಗಿದ್ದೆ.

ನವೆಂಬರ್ ಕೊನೆ. ಒಂದು ಸಣ್ಣ ಇಳಿಜಾರು, ನಡುವೆ ಕಾಡಿನ ರಸ್ತೆ. ನಕ್ಷೆಯಲ್ಲಿ ರಸ್ತೆಯ ಮೇಲ್ಭಾಗ ನೀಲಿ, ಅಂದರೆ ಒದ್ದೆ. ರಸ್ತೆಯ ಕೆಳಭಾಗ ಬಿಳಿ, ಅಂದರೆ ಒಣ. ಕೆಳಭಾಗದಲ್ಲೇ ಫಾರ್ವರ್ಡರಿನ ದಾರಿಗೆ ಗೆರೆ ಎಳೆದೆ. ನಡೆದು ನೋಡಿರಲಿಲ್ಲ. ಹಿಮ ಬಿದ್ದಿತ್ತು, ಕತ್ತಲೆ ಮೂರು ಗಂಟೆಗೇ ಆಗುತ್ತದೆ, ನಕ್ಷೆ ಇದೆಯಲ್ಲ ಅಂತ ಸುಮ್ನೆ ಕೂತಲ್ಲೇ ಮಾಡಿದೆ.

ಎರಡು ತಪ್ಪು ಒಟ್ಟಿಗೆ ಸೇರಿದವು. ಮೊದಲನೆಯದು ಹಿಮ. ಆ ವರ್ಷ ಚಳಿಗೆ ಮೊದಲೇ ಮೊಣಕಾಲುದ್ದ ಹಿಮ ಬಿದ್ದಿತ್ತು. ಹಿಮ ಅಂದರೆ ರಜಾಯಿ. ಅದು ಮೊದಲು ಬಂದರೆ ಆಮೇಲೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದರೂ ಕೆಳಗಿನ ನೆಲ ಬೆಚ್ಚಗೇ ಇರುತ್ತದೆ, ಹೆಪ್ಪುಗಟ್ಟುವುದಿಲ್ಲ. ಎರಡನೆಯದು ಮೋರಿ. ರಸ್ತೆಯ ಅಡಿಯಲ್ಲಿ ಒಂದು ಮೋರಿ ಇತ್ತು. ವಿಮಾನಕ್ಕೆ ಮೋರಿ ಕಾಣಿಸುವುದಿಲ್ಲ. ಅದಕ್ಕೆ ಕಂಡಿದ್ದು ರಸ್ತೆಯ ಏರಿ ಮಾತ್ರ. ಕಂಪ್ಯೂಟರ್ ಆ ಏರಿಯನ್ನು ಅಣೆಕಟ್ಟು ಅಂದುಕೊಂಡು ನೀರನ್ನು ಅಲ್ಲೇ ತಡೆದು, ರಸ್ತೆ ಪಕ್ಕದಲ್ಲೇ ಬೇರೆಲ್ಲಿಗೋ ಹರಿಸಿಬಿಟ್ಟಿತ್ತು. ನಿಜವಾದ ನೀರು ಮೋರಿಯಲ್ಲಿ ನುಸುಳಿ ಕೆಳಗೆ, ನಾನು ಗೆರೆ ಎಳೆದ ಜಾಗದಲ್ಲಿ, ಹಿಮದ ಅಡಿಯಲ್ಲಿ ಹಾಯಾಗಿ ಹರಡಿಕೊಂಡಿತ್ತು.

ಬೆಳಿಗ್ಗೆ ಏಳಕ್ಕೆ ಡ್ರೈವರ್ ಫೋನ್ ಮಾಡಿದ. “ಬಂದು ನೋಡು” ಅಂದ, ಅಷ್ಟೇ. ಹೋದರೆ ಫಾರ್ವರ್ಡರ್ ಹೊಟ್ಟೆ ಊರಿ ಕೂತಿದೆ. ಎಂಟರಲ್ಲಿ ನಾಲ್ಕು ಗಾಲಿ ಕಾಣುತ್ತಲೇ ಇಲ್ಲ. ಹೊರೆ ಇಳಿಸಿ, ಇನ್ನೊಂದು ಯಂತ್ರ ತರಿಸಿ, ಕೇಬಲ್ ಕಟ್ಟಿ ಎಳೆದು ತೆಗೆಯೋಕೆ ಒಂದೂವರೆ ದಿನ. ಡ್ರೈವರ್ ಒಂದು ಬೈಗುಳವನ್ನೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಾಡಿನ ಒಡತಿ ಎಂಬತ್ತು ದಾಟಿದ ಅಜ್ಜಿ. ಈ ದೇಶದ ಕಾಡಿನಲ್ಲಿ ಅರ್ಧದಷ್ಟು ಹೀಗೆ ಮನೆಮಂದಿಯ ಕೈಯಲ್ಲೇ ಇದೆ. ಕಾಲಿನಿಂದ ಒದ್ದು ಹಿಮದ ಮೇಲೆ ಜಾರಿಸುವ ಸ್ಲೆಡ್ಜಿನ ಮೇಲೆ ಕಾಫಿ ಫ್ಲಾಸ್ಕ್ ಇಟ್ಟುಕೊಂಡು ತಳ್ಳುತ್ತಾ ಬಂದರು. ಇಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’ ಅನ್ನುತ್ತಾರೆ, ಅಜ್ಜಿಗೂ ಡಾಕ್ಟರಿಗೂ. ನನ್ನ ಬಾಯಿಗೆ ಅದು ಇನ್ನೂ ಸರಿಯಾಗಿ ಹೊಂದಿಲ್ಲ. ಗಾಲಿ ಜಾಡನ್ನು ಸ್ವಲ್ಪ ಹೊತ್ತು ನೋಡಿ ಅಂದರು: “ಇದು ಸುರ್‌ಡ್ರೋಗ್. ನಮ್ಮಪ್ಪ ಇಲ್ಲಿ ಕುದುರೆಯನ್ನೂ ಇಳಿಸುತ್ತಿರಲಿಲ್ಲ. ನೀನು ನನ್ನನ್ನು ಕೇಳಬಹುದಿತ್ತಲ್ಲ.”

ಸುರ್‌ಡ್ರೋಗ್ ಅಂದರೆ ಗಟ್ಟಿ ನೆಲದ ನಡುವೆ ನೀರು ಒಸರುವ ಒಂದು ಕಿರಿದಾದ ಪಟ್ಟೆ. ಆ ಪದವನ್ನು ನಾನು ಕ್ಲಾಸಿನಲ್ಲಿ ಕಲಿತಿದ್ದೆ. ಅದರ ಮೇಲೇ ನಿಂತಿದ್ದೇನೆ ಅಂತ ಗೊತ್ತಾಗಿರಲಿಲ್ಲ. ಈಗಲೂ ವರ್ಷಕ್ಕೊಮ್ಮೆ ಆ ಜಾಗಕ್ಕೆ ಹೋಗಿ ಬರುತ್ತೇನೆ. ಜಾಡಿನಲ್ಲಿ ನೀರು ನಿಂತು ಹತ್ತಿಹುಲ್ಲು ಬೆಳೆದಿದೆ. ಜೂನಿನಲ್ಲಿ ಬಿಳೀ ಹೂವು. ನೋಡಿದವರು ಎಷ್ಟು ಚೆನ್ನಾಗಿದೆ ಅನ್ನುತ್ತಾರೆ.

ಮೋರಿಯ ಸಮಸ್ಯೆ ಈಗ ಬಹುಮಟ್ಟಿಗೆ ಬಗೆಹರಿದಿದೆ. ರಸ್ತೆಗೆ ಅಡ್ಡವಾಗಿ ತೊರೆ ಬಂದ ಕಡೆ ಏರಿಯನ್ನು ಕಂಪ್ಯೂಟರಿನಲ್ಲೇ ಕತ್ತರಿಸಿ ನೀರಿಗೆ ದಾರಿ ಬಿಡುತ್ತಾರೆ. ಆದರೂ ನಕ್ಷೆಯಲ್ಲಿ ಇಲ್ಲದ ಸಣ್ಣ ಮೋರಿಗಳು ಇನ್ನೂ ಸಿಗುತ್ತಲೇ ಇವೆ. ಚಳಿಗಾಲ ಮಾತ್ರ ವರ್ಷದಿಂದ ವರ್ಷಕ್ಕೆ ಕೈಕೊಡುತ್ತಿದೆ. ಮೊದಲು ಹುದುಲನ್ನೆಲ್ಲ ಫೆಬ್ರವರಿಗೆ ಅಂತ ಎತ್ತಿಡುತ್ತಿದ್ದರು. ಈಗ ಫೆಬ್ರವರಿಯಲ್ಲೂ ಮಳೆ ಬರುತ್ತದೆ. ಎತ್ತಿಟ್ಟ ಜಾಗ ಎತ್ತಿಟ್ಟಲ್ಲೇ ಉಳಿಯುತ್ತದೆ. ಹಾಗಾಗಿ ದಾಟಲೇಬೇಕಾದ ಕಡೆ ಕಡಿದ ರೆಂಬೆ, ತುದಿಗಳನ್ನು ದಪ್ಪಗೆ ಹಾಸಿ ಅದರ ಮೇಲೆ ಓಡಿಸುತ್ತಾರೆ, ತೊರೆ ದಾಟಲು ದಿಮ್ಮಿಯ ಸೇತುವೆ ಹಾಕುತ್ತಾರೆ.

ಪ್ರಶ್ನೆ: ಯಂತ್ರ, ಲೇಸರ್ ಇಲ್ಲದ ಕಾಲದಲ್ಲಿ ಮಣ್ಣು ಹೇಗೆ ತಿಳಿಯುತ್ತಿತ್ತು? (ಗೃಹಿಣಿ)

ಗಿಡ ನೋಡಿ. ಫಿನ್‌ಲ್ಯಾಂಡಿನಲ್ಲಿ ಎ. ಕೆ. ಕಯಾಂಡರ್ ಅನ್ನುವ ಸಸ್ಯಶಾಸ್ತ್ರಜ್ಞರು 1909ರಲ್ಲೇ ಇದನ್ನು ಶಾಸ್ತ್ರ ಮಾಡಿದರು. ಮೇಲಿನ ಮರವನ್ನು ಬಿಡಿ, ಅದನ್ನು ಮನುಷ್ಯ ಕಡಿಯುತ್ತಾನೆ, ನೆಡುತ್ತಾನೆ. ಬುಡದಲ್ಲಿ ತಾನಾಗಿ ಬೆಳೆದ ಗಿಡವನ್ನು ನೋಡಿ, ನೆಲದ ಕಸುವು ಅದು ಹೇಳುತ್ತದೆ ಅಂತ ಅವರ ವಾದ. ಕಲ್ಲುಹೂವು ಹಾಸಿದ್ದರೆ ಒಣ, ಬಡ ನೆಲ, ಪೈನ್ ಬಿಟ್ಟು ಬೇರೆ ಬೇಡ. ಕೆಂಪು ಲಿಂಗನ್‌ಬೆರಿ ಇದ್ದರೆ ಸ್ವಲ್ಪ ವಾಸಿ. ನೀಲಿ ಬಿಲ್‌ಬೆರಿ ಇದ್ದರೆ ಹದದ ನೆಲ, ಸ್ಪ್ರೂಸ್ ಚೆನ್ನಾಗಿ ಬರುತ್ತದೆ. ಹುಳಿ ಎಲೆಯ ಪುಟ್ಟ ಆಕ್ಸಾಲಿಸ್ ಸೇರಿಕೊಂಡರೆ ಇನ್ನೂ ಕಸುವು. ಫಿನ್‌ಲ್ಯಾಂಡಿನ ಅರಣ್ಯದವರು ಇವತ್ತಿಗೂ ಹೀಗೇ ವಿಂಗಡಿಸುತ್ತಾರೆ.

ಕಲ್ಲುಹೂವಿನ ಒಣ ನೆಲದ ಬಗ್ಗೆ ಇನ್ನೊಂದು ಮಾತು. ಯಂತ್ರ ಓಡಿಸೋಕೆ ಅದು ಸಲೀಸು. ಆದರೆ ಚಳಿಗಾಲದಲ್ಲಿ ಹಿಮಸಾರಂಗಗಳ ಹೊಟ್ಟೆ ತುಂಬಿಸುವುದು ಅದೇ ಕಲ್ಲುಹೂವು. ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಅವುಗಳನ್ನು ಅಲ್ಲಿಗೇ ಮೇಯಿಸಲು ತರುತ್ತಾರೆ. ಸಸಿ ನೆಡಲು ಅಂತ ಅಲ್ಲಿ ನೆಲ ಕೆರೆದರೆ ಕಲ್ಲುಹೂವು ಮತ್ತೆ ಬರೋಕೆ ಹತ್ತಾರು ವರ್ಷ ಬೇಕು. ಗಟ್ಟಿ ನೆಲ ಅಂದ ಮಾತ್ರಕ್ಕೆ ಏನು ಬೇಕಾದರೂ ಮಾಡಬಹುದು ಅಂತ ಅಲ್ಲ.

ಅಂದಹಾಗೆ ಈ ಕಯಾಂಡರ್ ಆಮೇಲೆ ಮೂರು ಸಲ ಫಿನ್‌ಲ್ಯಾಂಡಿನ ಪ್ರಧಾನಿಯೂ ಆದರು. 1939ರ ನವೆಂಬರ್ 30ರಂದು ಸೋವಿಯತ್ ಒಕ್ಕೂಟ ಮೇಲೆ ಬಿದ್ದಾಗ ಅವರೇ ಪ್ರಧಾನಿ. ಸೈನ್ಯಕ್ಕೆ ಸಮವಸ್ತ್ರ ಸಾಲದೆ ಎಷ್ಟೋ ಜನ ಮನೆಯ ಬಟ್ಟೆಗೇ ಬೆಲ್ಟು, ಟೋಪಿಗೊಂದು ಬಿಲ್ಲೆ ಹಾಕಿಕೊಂಡು ಹೋದರು. ಅದಕ್ಕೆ ‘ಕಯಾಂಡರ್ ಮಾದರಿ’ ಅಂತ ತಮಾಷೆಯ ಹೆಸರು ಬಿತ್ತು. ಪಾಪ, ಬಿಲ್‌ಬೆರಿಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಪ್ರಶ್ನೆ: ಪೀಟ್ ಅಂದರೆ ಮಣ್ಣೇ, ಗೊಬ್ಬರವೇ? ಅಷ್ಟು ಕಪ್ಪು ನೆಲದಲ್ಲಿ ಮರ ಯಾಕೆ ಚೆನ್ನಾಗಿ ಬೆಳೆಯುವುದಿಲ್ಲ?

ಎರಡೂ ಅಲ್ಲ, ಕೊಳೆಯೋಕೆ ಗಾಳಿ ಸಿಗದೆ ಅರ್ಧಕ್ಕೇ ನಿಂತ ಗಿಡ. ಹೆಚ್ಚಾಗಿ ಸ್ಫ್ಯಾಗ್ನಮ್ ಪಾಚಿ. ಬೇರಿಗೂ ಉಸಿರು ಬೇಕಲ್ವಾ? ನೀರು ತುಂಬಿದ ಪೀಟ್‌ನಲ್ಲಿ ಅದು ಸಿಗುವುದಿಲ್ಲ. ನೂರು ವರ್ಷದ ಪೈನ್ ಮರ ನನ್ನ ಭುಜಕ್ಕೆ ಬಂದಿರುವುದನ್ನು ನೋಡಿದ್ದೇನೆ.

ಪೀಟ್ ಎಷ್ಟು ಕೊಳೆತಿದೆ ಅಂತ ನೋಡುವ ವಿಧಾನ ನನಗೆ ತುಂಬಾ ಇಷ್ಟ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡುವುದು. ತಿಳಿ ನೀರು ಬಂದು, ಕೈಯಲ್ಲಿ ಪಾಚಿ ಪಾಚಿಯಾಗೇ ಉಳಿದರೆ 1. ನೀರು ಬರದೆ ಇಡೀ ಹಿಡಿಯೇ ಬೆಣ್ಣೆಯಂತೆ ಬೆರಳ ಸಂದಿಯಿಂದ ಹೊರಗೆ ಬಂದರೆ 10. ನಡುವೆ ಉಳಿದವು. ಲೆನ್ನಾರ್ಟ್ ಫೊನ್ ಪೊಸ್ಟ್ ಅನ್ನುವ ಸ್ವೀಡಿಷ್ ಭೂವಿಜ್ಞಾನಿ ನೂರು ವರ್ಷದ ಹಿಂದೆ ಮಾಡಿದ ಅಳತೆ ಇದು. ಬ್ಯಾಟರಿ ಬೇಡ, ಸಿಗ್ನಲ್ ಬೇಡ.

ಮರ ಬೆಳೆಯಲಿ ಅಂತ ಫಿನ್‌ಲ್ಯಾಂಡಿನಲ್ಲಿ 50 ಲಕ್ಷ ಹೆಕ್ಟೇರಿನಷ್ಟು ಪೀಟ್ ನೆಲಕ್ಕೆ ಕಾಲುವೆ ತೋಡಿ ನೀರು ಬಸಿದರು. 1960 ಮತ್ತು 70ರ ದಶಕದಲ್ಲಿ ಅದರ ಭರಾಟೆ ಜೋರಾಗಿತ್ತು. ಕೆಲವು ಕಡೆ ಮರ ಚೆನ್ನಾಗಿ ಬಂತು, ಕೆಲವು ಕಡೆ ಸುಮ್ನೆ ದುಡ್ಡು ದಂಡ. ನೀರು ಹೋದ ಪೀಟ್ ಮಾತ್ರ ಎಲ್ಲ ಕಡೆ ಕೊಳೆಯೋಕೆ ಶುರುವಾಗಿ ಇಂಗಾಲ ಗಾಳಿಗೆ ಸೇರುತ್ತಿದೆ. ಈಗ ಕೆಲವು ಕಾಲುವೆ ಮುಚ್ಚುವ ಮಾತು ಬಂದಿದೆ. 2024ರಲ್ಲಿ ಯುರೋಪ್ ಒಕ್ಕೂಟ ಇದಕ್ಕೂ ಸೇರಿಸಿ ಕಾನೂನನ್ನೇ ತಂದಿತು. ಯಾವುದನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು ಅನ್ನುವುದಕ್ಕೂ ಮತ್ತೆ ಇದೇ ನಕ್ಷೆ.

ಪ್ರಶ್ನೆ: ಕೆನಡಾ, ರಷ್ಯಾದ ಕಾಡಿಗೂ ಇದೇ ನಕ್ಷೆ ನಡೆಯುತ್ತದಾ?

ಲೆಕ್ಕ ನಡೆಯುತ್ತದೆ, ಅಂಕಿ ನಡೆಯುವುದಿಲ್ಲ. ಒಂದೇ ಉದಾಹರಣೆ ಸಾಕು. ಕೆನಡಾದ ಕ್ವಿಬೆಕ್ ಮತ್ತು ಒಂಟಾರಿಯೊ ನಡುವೆ ದೊಡ್ಡ ಜೇಡಿ ಬಯಲಿದೆ, ಮೇಲೆ ಕಪ್ಪು ಸ್ಪ್ರೂಸ್. ಅಲ್ಲಿ ಬಹಳ ಕಾಲ ಬೆಂಕಿ ಬೀಳದಿದ್ದರೆ ಪಾಚಿ ದಪ್ಪಗಾಗುತ್ತದೆ, ನೀರು ಮೇಲೇರುತ್ತದೆ, ಮರ ಕುಗ್ಗುತ್ತದೆ. ಬೆಂಕಿ ಬಿದ್ದು ಪಾಚಿ ಸುಟ್ಟರೆ ನೆಲ ಮತ್ತೆ ಚೇತರಿಸಿಕೊಳ್ಳುತ್ತದೆ. ಅಂದರೆ ಅಲ್ಲಿ ನೆಲದ ಆಕಾರ ನೋಡಿದರೆ ಸಾಲದು, ಕೊನೆಯ ಬೆಂಕಿ ಯಾವಾಗ ಬಿತ್ತು ಅಂತಲೂ ತಿಳಿದಿರಬೇಕು. ಸೈಬೀರಿಯಾದಲ್ಲಂತೂ ಬಹಳಷ್ಟು ಕಡೆ ಕೆಳಗೆ ಬೇಸಿಗೆಯಲ್ಲೂ ಕರಗದ ಹೆಪ್ಪು ನೆಲ. ಅದು ನನ್ನ ಅನುಭವದ ಆಚೆಗಿನದು.

ಪ್ರಶ್ನೆ: ಕಾಡಿಗೆ ಹೋಗುವಾಗ ಚೀಲದಲ್ಲಿ ಏನೇನು ಇರುತ್ತದೆ? (ಆರನೇ ಕ್ಲಾಸಿನ ಹುಡುಗ)

ಮಣ್ಣು ಕೊರೆಯುವ ಒಂದು ಮೀಟರ್ ಉದ್ದದ ಬೈರಿಗೆ, ಅದನ್ನು ಚೀಲಕ್ಕೆ ಕಟ್ಟಿರುತ್ತೇನೆ ಪುಟ್ಟಾ. ಪೀಟ್ ಎಷ್ಟು ಆಳ ಅಂತ ಚುಚ್ಚಿ ನೋಡುವ ತೆಳ್ಳನೆಯ ಕಬ್ಬಿಣದ ಸರಳು. ಸಣ್ಣ ಗುದ್ದಲಿ. ಬಣ್ಣದ ಪಟ್ಟಿ, ಮರಕ್ಕೆ ಕಟ್ಟಿ ಗುರುತು ಮಾಡೋಕೆ. ನಕ್ಷೆ ಇರುವ ಟ್ಯಾಬ್ಲೆಟ್. ಚಳಿಗೆ ಅದು ಆರಿ ಹೋಗುವುದರಿಂದ ಅದೇ ನಕ್ಷೆಯ ಕಾಗದದ ಪ್ರತಿ. ಪೆನ್ನಿನ ಮಸಿ ಹೆಪ್ಪುಗಟ್ಟುವುದರಿಂದ ಪೆನ್ಸಿಲ್. ಜುಲೈನಲ್ಲಿ ತಲೆಗೆ ಹಾಕುವ ಸೊಳ್ಳೆಪರದೆ, ಅದಿಲ್ಲದಿದ್ದರೆ ಬಾಯಿ ತೆರೆಯುವ ಹಾಗೇ ಇಲ್ಲ. ಒಂದು ಜೊತೆ ಒಣ ಕಾಲುಚೀಲ.

ಆಮೇಲೆ ಒಂದು ಫ್ಲಾಸ್ಕ್ ಕಾಫಿ, ಎರಡು ಲೋಟ. ಎರಡನೆಯದು ಆ ಕಾಡಿನ ಯಜಮಾನರಿಗೆ.